ಬೋರಲು ಮಲಗಿದ ಮಳೆಗಾಲ

ಕಳೆದ ವರ್ಷ ಕ್ರೀಡಾಕೂಟವೊಂದಕ್ಕೆ ನಮ್ಮ ಹೊನ್ನಾವರದ ಹೈಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಭಟ್ಕಳಕ್ಕೆ ಹೋಗಿದ್ದೆ. ರಿಲೇ ಓಡುತ್ತಿದ್ದ ಹುಡುಗಿಯೊಬ್ಬಳು ತಿರುವಿನಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡಳು. ನಾನು ಎಡಗಾಲೆಳೆದುಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಯಾರೋ ಪಾಲಕರು ಕೆಂಪು-ಹಳದಿ ಬಣ್ಣದ ಕ್ಯಾಪ್ಸೂಲೊಂದನ್ನು ಬಿಚ್ಚಿ, ಒಳಗಿನ ಪುಡಿಯನ್ನು ಅವಳ ಗಾಯದ ಮೇಲೆ ಉದುರಿಸಿಯಾಗಿತ್ತು. "ಎಂತ ಆಗೂದಿಲ್ಲ ಮಗಾ, ಸಂಜೆ ಒಳಗೆ ಒಣಗ್ತದೆ" ಎಂದು ಸಮಾಧಾನವನ್ನೂ ಹೇಳುತ್ತಿದ್ದರು. ಆ ಪುಡಿಯ ಕಹಿ ಕಹಿ, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮೈದಾನದ ಬಿಸಿಲಲ್ಲಿ ನಿಂತಿದ್ದ ನನಗೆ ಕಿವಿಯವರೆಗೆ ರಕ್ತ ಏರಿದ್ದು ಗೊತ್ತಾಯಿತು. ಹುಡುಗಿಯನ್ನು ನಲ್ಲಿಯ ಹತ್ತಿರ ಕೂರಿಸಿ ಮಂಡಿಯನ್ನು ಚೆನ್ನಾಗಿ ತೊಳೆಸಿದೆ. ಅವಳು ಸ್ವಲ್ಪ ಹೊತ್ತಿಗೆ ಎದ್ದು ಗೆಳತಿಯರ ಜೊತೆ ಐಸ್‌ಕ್ಯಾಂಡಿ ತಿನ್ನಲು ಹೋದಳು. ನನ್ನ ಮುಖದ ಬಿಸಿ ಮಾತ್ರ ಹೊನ್ನಾವರ ಮುಟ್ಟುವವರೆಗೂ ಇಳಿಯಲಿಲ್ಲ.

ನಾನು ಪಿಟಿ ಮಾಸ್ತರ. ಕುಮಟಾ ಹತ್ತಿರದ ಬಾಡದಲ್ಲಿ ಮೀನುಗಾರರ ಮನೆಯ ಹಿರಿಯ ಮಗ. ತಮ್ಮ ಗಣಪು ಅಪ್ಪನ ಹಾಗೆ ಬೋಟು ಹತ್ತಿದ, ನಾನು ಮೈದಾನಕ್ಕಿಳಿದೆ. ಐವತ್ತು ದಾಟಿದರೂ ಹೊಟ್ಟೆ ಬಂದಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಗೂನು ಹಾಕಿ ನಿಂತ ಹುಡುಗರ ಬೆನ್ನಿಗೆ ಬೆರಳೊತ್ತಿ "ನೆಟ್ಟಗೆ ನಿಲ್ಲು" ಎನ್ನುವುದು ನನ್ನ ಅಭ್ಯಾಸ. ಅಂಥ ನನಗೆ, ಆ ಕ್ರೀಡಾಕೂಟಕ್ಕೂ ಮುಂಚಿನ ಒಂದು ಬೇಸಿಗೆಯಲ್ಲಿ, ಎಡಗಾಲಿನ ಚಪ್ಪಲಿ ಗೊತ್ತಾಗದೆ ಕಳಚಿ ಬೀಳತೊಡಗಿತು. ನಡೆಯುತ್ತ ನಡೆಯುತ್ತ ಹಿಂತಿರುಗಿ ನೋಡಿದರೆ ಚಪ್ಪಲಿ ದಾರಿಯಲ್ಲಿ ಬಿದ್ದಿರುತ್ತಿತ್ತು. ಪಾದ ಮೇಲೇಳುತ್ತಿರಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹಚ್ಚಿದ ಹಾಗೆ ನೋವು.

ಕುಮಟೆಯ ಒಂದು ಖಾಸಗಿ ಆಸ್ಪತ್ರೆಗೆ ಹುಬ್ಬಳ್ಳಿಯ ಬೆನ್ನುಮೂಳೆಯ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಮೂಳೆಯೊಂದು ಮುಂದಕ್ಕೆ ಜಾರಿ ನರವನ್ನು ಒತ್ತುತ್ತಿದೆ, ಬಿಟ್ಟರೆ ಪಾದ ಪೂರ್ತಿ ಬಿದ್ದುಹೋಗುತ್ತದೆ ಎಂದರು. ಮೇ ತಿಂಗಳಲ್ಲಿ ಆಪರೇಶನ್ ಆಯಿತು. ಮೂಳೆಗೆ ಸ್ಕ್ರೂ ಹಾಕಿ, ಸಲಾಕೆ ಕೂರಿಸಿದರು. ಎಚ್ಚರವಾದಾಗ ಕಾಲಿನ ಬೆಂಕಿ ಆರಿತ್ತು. ಕೆಲವು ದಿನ ಕಳೆದ ಮೇಲೆ ಹೆಬ್ಬೆರಳು ಒಂದಿಷ್ಟು ಮೇಲೆದ್ದಿತು. ಹೆಂಡತಿ ಲಲಿತಾ ಅದನ್ನು ನೋಡಿ ಅತ್ತಳು. ಸಕ್ಕರೆ ಕಾಯಿಲೆಯ ಆರಂಭ ಇದೆ, ಊಟದಲ್ಲಿ ಜಾಗ್ರತೆ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ಪಿಟಿ ಮಾಸ್ತರನಿಗೆ ಸಕ್ಕರೆ ಕಾಯಿಲೆಯೇ ಎಂದು ನಾನು ನಕ್ಕಿದ್ದೆ.

ಬಾಡದ ಮನೆಗೆ ಬಂದ ವಾರದಲ್ಲೇ ಮಳೆ ಹಿಡಿಯಿತು. ಮೀನುಗಾರಿಕೆ ನಿಷೇಧದ ದಿನಗಳಾದ್ದರಿಂದ ಬೋಟುಗಳೆಲ್ಲ ದಡ ಸೇರಿದ್ದವು, ಗಣಪು ಮನೆಯಲ್ಲೇ ಇದ್ದ. ನನ್ನನ್ನು ಎಬ್ಬಿಸುವುದು, ಬಚ್ಚಲಿಗೆ ನಡೆಸಿಕೊಂಡು ಹೋಗುವುದು ಅವನ ಪಾಲಿಗೆ ಬಂತು. ನೋಡಲು ಬಂದವರು ಹಲಸಿನ ಹಣ್ಣು ತಂದರು, ಕೊನೆಯ ಮಾವಿನ ಹಣ್ಣು ತಂದರು, ಪೇಡೆ ತಂದರು. ಮಲಗಿದವನಿಗೆ ತಿನ್ನುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಒಂದು ಬೆಳಿಗ್ಗೆ ಅಂಗಿಯ ಹಿಂಭಾಗ ಒದ್ದೆಯಾಗಿತ್ತು. ಬೆವರು ಎಂದುಕೊಂಡೆ. ಮಳೆಗಾಲದಲ್ಲಿ ನಮ್ಮ ಕಡೆ ಯಾವ ಬಟ್ಟೆ ತಾನೇ ಪೂರ್ತಿ ಒಣಗಿರುತ್ತದೆ? ಮರುದಿನವೂ ಅದೇ ಜಾಗ ಒದ್ದೆ, ಈಗ ಅದಕ್ಕೆ ಹಳದಿ ಅಂಚು. ಲಲಿತಾ ದಿನಕ್ಕೆರಡು ಸಲ ಊದಿನಕಡ್ಡಿ ಹಚ್ಚತೊಡಗಿದಳು. ನಾನು ಯಾಕೆಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಮ್ಮ ಹೆಡ್‌ಮಾಸ್ತರರು ಬಂದದ್ದು ಆಗಲೇ. ಸಂಭಾವಿತ ಮನುಷ್ಯ, ಮೀನು ತಿನ್ನದ ಮನೆಯವರು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಶಾಲೆಯ ಸುದ್ದಿ ಎರಡು ಮಾತು ಹೇಳಿದರು. ಆಮೇಲೆ "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುತ್ತ ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡರು. ಹೊರಗೆ ಇರಚಲು ಹೊಡೆಯುತ್ತಿತ್ತು. ತೋಳು ನೆನೆಯುತ್ತಿದ್ದರೂ ಅವರು ಅಲ್ಲಿಂದ ಕದಲಲಿಲ್ಲ. ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಬಾಯಿಂದ ಬಂದ ಮಾತು ಇದು: "ಅಟ್ಟದ ಮೇಲೆ ಒಣಮೀನು ಇಟ್ಟಿದ್ದಾರೆ ಸರ್. ಮಳೆಗೆ ಸ್ವಲ್ಪ ವಾಸನೆ."

"ಅಯ್ಯೋ, ಅದಕ್ಕೇನಂತೆ" ಎಂದರು ಅವರು, ಕರವಸ್ತ್ರದಿಂದ ಮೂಗೊರೆಸಿಕೊಳ್ಳುತ್ತ.

ಚಹಾ ತಂದ ಲಲಿತಾ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅವರು ಹೋದ ಮೇಲೆ ಖಾಲಿ ಲೋಟ ಎತ್ತಿಕೊಳ್ಳುತ್ತ ಹೇಳಿದಳು: "ಒಣಮೀನು ಡಬ್ಬದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಅದ್ರ ವಾಸನೆ ಅಲ್ಲ ಅದು."

"ಮತ್ತೆಂತದು?"

"ಯಾರೂ ಹೇಳೂದಿಲ್ಲ, ನಾ ಹೇಳ್ತೆ. ನಿಮ್ಮ ಬೆನ್ನಿನ ನಾತ."

ಗೋಡೆಯ ಕಡೆ ಮುಖ ತಿರುಗಿಸಿದೆ. ಮೂರು ತಲೆಮಾರು ಹೊಟ್ಟೆ ಹೊರೆದ ಮೀನಿನ ಮೇಲೆ ನನ್ನ ಕೀವಿನ ನಾತವನ್ನು ಹೊರಿಸಿದ್ದೆ, ಅದೂ ಹೆಂಡತಿಯ ಎದುರಿಗೇ. ಅವಳು ಲೋಟ ಹಿಡಿದು ಒಳಗೆ ಹೋದಳು. ಮಾತು ಬೆಳೆಸಿದ್ದರೆ ನನಗೆ ಹಗುರವಾಗುತ್ತಿತ್ತು.

ರಾತ್ರಿ ಲಲಿತಾ, ಕುಮಟೆಗೆ ಹೋಗಿ ತೋರಿಸಿಬರುವಾ ಎಂದಳು. ನಾನು ಬೇಡವೆಂದೆ. ಮಗ್ಗುಲಾಗಲೂ ಇನ್ನೊಬ್ಬರು ಬೇಕಾದ ಮೈಯನ್ನು ಮತ್ತೆ ಅಪರಿಚಿತರ ಎದುರು ಬಿಚ್ಚುವುದು ನನ್ನಿಂದಾಗದು ಅನಿಸಿತ್ತು. ಆಗ ಗಣಪು ತನಗೆ ತಿಳಿದ ಉಪಾಯ ಹೇಳಿದ. ಬೋಟಿನಲ್ಲಿ ಬಲೆಯ ಹಗ್ಗ ಕೈ ಕೊಯ್ದರೆ, ಮೀನಿನ ಮುಳ್ಳು ಹೊಕ್ಕರೆ, ಕೆಂಪು-ಹಳದಿ ಆ್ಯಂಟಿಬಯೋಟಿಕ್ ಕ್ಯಾಪ್ಸೂಲು ಬಿಚ್ಚಿ ಪುಡಿ ಹಾಕಿ ಕಟ್ಟುತ್ತಾರೆ.

"ಹತ್ತು ಸಲ ಮಾಡಿದ್ದೆ ಅಣ್ಣಾ, ಒಂದ್ಸಲನೂ ಹುಣ್ಣಾಗ್ಲಿಲ್ಲ" ಎಂದ.

ನನ್ನನ್ನು ಬೋರಲು ಮಲಗಿಸಿ, ಆ ಒರಟು ಕೈಗಳಿಂದ ಹೂವಿಗೆ ನೀರು ಚಿಮುಕಿಸುವ ಹಾಗೆ ಪುಡಿ ಉದುರಿಸಿದ. ಮರುದಿನ ಗಾಯದ ಮೇಲೆ ಗಟ್ಟಿ ಹೊಪ್ಪಳೆ ಕಟ್ಟಿತು, ಅಂಗಿ ಒದ್ದೆಯಾಗಲಿಲ್ಲ. ಅವನು ಹೆಮ್ಮೆಯಿಂದ "ನೋಡಿ ಅತ್ತಿಗೆ" ಎಂದು ಲಲಿತಾಗೆ ತೋರಿಸಿದ. ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನ ಗಂಜಿ ಕುಡಿಯುತ್ತಿದ್ದಾಗ, ಹಲ್ಲು ಕಟಕಟ ಎನ್ನುವಷ್ಟು ಚಳಿ ಬಂತು. ಬೆನ್ನೊಳಗೆ ಏನೋ ಮಿಡಿಯುತ್ತಿತ್ತು. ಬಟ್ಟಲು ಕೈ ಜಾರಿತು.

ಆಂಬುಲೆನ್ಸ್ ಬರುವವರೆಗೆ ಕಾಯುವ ತಾಳ್ಮೆ ಗಣಪುವಿಗಿರಲಿಲ್ಲ. ಪಕ್ಕದ ಮನೆಯ ಮೀನು ಸಾಗಿಸುವ ಗಾಡಿ ತಂದ. ನನಗೆ ಕೂರಲಾಗದು, ಅಂಗಾತ ಮಲಗಲಾಗದು. ಹಿಂಭಾಗದಲ್ಲಿ ಚಾಪೆ ಹಾಸಿ ಬೋರಲು ಮಲಗಿಸಿದರು, ಮೇಲೆ ತಾಡಪಾಲು. ಲಲಿತಾ ನನ್ನ ತಲೆಯ ಹತ್ತಿರ ಕೂತು ಬಗ್ಗಿ ನೆನೆದಳು. ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಂತಾಗ ಶಾಲೆ ಬಿಟ್ಟ ಮಕ್ಕಳ ಗಲಾಟೆ ಕೇಳಿಸಿತು. ಯಾರೋ "ಅದು ಪಿಟಿ ಸರ್ ಅಲ್ದನಾ?" ಎಂದರು. ಊರ ಮಕ್ಕಳನ್ನೆಲ್ಲ ಎದೆಯೆತ್ತಿ ನಿಲ್ಲಿಸಿದವನು ಮೀನಿನ ಗಾಡಿಯಲ್ಲಿ ಹೊಟ್ಟೆಯ ಮೇಲೆ ಬಿದ್ದಿದ್ದೆ. ತಾಡಪಾಲನ್ನು ಮುಖದ ಮೇಲೆ ಎಳೆದುಕೊಂಡೆ.

ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸಿ ತೆಗೆದು, ಬಿಸಿನೀರಿನಲ್ಲಿ ನೆನೆಸಿದ ಹತ್ತಿಯಿಂದ ಹೊಪ್ಪಳೆಯನ್ನು ಬಿಡಿಸಿದಳು ನರ್ಸೊಬ್ಬಳು. ಹೊಪ್ಪಳೆ ಎದ್ದದ್ದೇ ಒಳಗಿದ್ದದ್ದೆಲ್ಲ ಸೊಂಟದ ಮೇಲೆ ಹರಿಯಿತು. ಚಳಿಗೆ ತಡೆಯಲಾಗದೆ ಬಟ್ಟೆಯಲ್ಲೇ ಮೂತ್ರವೂ ಹೋಗಿತ್ತು. ಅವಳು ಎಲ್ಲವನ್ನೂ ಒರೆಸಿ, ಒಣ ಬಟ್ಟೆ ಹೊದೆಸಿ, ನನ್ನ ಮುಖದ ಹತ್ತಿರ ಬಗ್ಗಿದಳು.

"ಸರ್, ನಾನು ಶೈಲಾ. ನಿಮ್ಮ ಸ್ಟೂಡೆಂಟು, ಹೊನ್ನಾವರದಲ್ಲಿ."

ಎಷ್ಟು ನೆನಪಿಸಿಕೊಂಡರೂ ಅವಳ ಮುಖ ಸಿಗಲಿಲ್ಲ. "ಯಾವ ಆಟ ಆಡ್ತಿದ್ದೆ ನೀನು?" ಎಂದು ಕೇಳಿದೆ.

"ಯಾವುದೂ ಇಲ್ಲ ಸರ್. ನಾನು ಮರದ ಕೆಳಗೆ ಕೂರ್ತಿದ್ದೆ."

ಓಡುವವರನ್ನಲ್ಲದೆ ನಾನು ಯಾರನ್ನೂ ನೋಡಿರಲಿಲ್ಲ. ಮರದ ಕೆಳಗೆ ಕೂತ ಮಕ್ಕಳಿಗೂ ಹೆಸರಿರುತ್ತದೆಂಬುದು ಅವತ್ತು ತಲೆಗೆ ಹೋಯಿತು. ಅವಳ ಮುಖ ನೋಡಲಾಗದೆ ದಿಂಬಿನಲ್ಲಿ ಮುಖ ಹುದುಗಿಸಿದೆ.

ಮರುದಿನ ಹುಬ್ಬಳ್ಳಿ ಡಾಕ್ಟರು ಬಂದರು. ಸಕ್ಕರೆ ಎಲ್ಲೆ ಮೀರಿ ಏರಿತ್ತು. ಸೋಂಕು ಸ್ಕ್ರೂವಿನವರೆಗೆ ಇಳಿದಿರಬಹುದು ಎಂದರು.

"ಮ್ಯಾಲೆ ಏನ್ ಹಾಕಿದ್ರಿ?"

ಗಣಪು ಬಾಗಿಲ ಬಳಿಯಿಂದ ಹೇಳಿದ, "ಕ್ಯಾಪ್ಸೂಲಿನ ಪುಡಿ. ಬೋಟಿನಾಗೆ ನಾವು ಅದೇ ಹಾಕೂದು."

ಡಾಕ್ಟರು ಬೈಯಲಿಲ್ಲ. "ಕಳ್ಳ ಮನಿಯೊಳಗ ಕುಂತಾನ. ನೀವು ಹೊರಗಿಂದ ಬಾಗಲಾ ಹಾಕಿ, ಬಾಗಲಕ್ಕ ಪುಡಿ ಹಚ್ಚೀರಿ" ಎಂದರು ಅಷ್ಟೆ. ಗಣಪುವಿನ ಮುಖ ಸುಟ್ಟ ಹಾಗಾಯಿತು. ಆಮೇಲೆ ಅವನು ಕೋಣೆಯೊಳಗೆ ಕಾಲಿಡಲಿಲ್ಲ. ಊಟದ ಡಬ್ಬಿ ತಂದರೆ ಬಾಗಿಲಲ್ಲಿ ಲಲಿತಾಳ ಕೈಗೆ ಕೊಟ್ಟು ಹೋಗುತ್ತಿದ್ದ.

ಡಾಕ್ಟರು ನನ್ನ ಮಂಚದ ಅಂಚಿನಲ್ಲಿ ಕೂತು ವಿವರಿಸಿದರು. ಗಾಯವನ್ನು ಮತ್ತೆ ತೆರೆದು, ಕೊಳೆತದ್ದನ್ನು ಕೆತ್ತಿ, ನೀರಿನಿಂದ ತೊಳೆಯಬೇಕು. ಸ್ಕ್ರೂ ಗಟ್ಟಿಯಾಗಿದ್ದರೆ ಬಿಡಬಹುದು. ಸಡಿಲಾಗಿದ್ದರೆ ತೆಗೆಯಬೇಕು, ಆಗ ಬೆನ್ನಿಗೂ ಪಾದಕ್ಕೂ ಅವರು ಭರವಸೆ ಕೊಡಲಾರರು. ಮುಚ್ಚುವ ಮೊದಲು ಸೋಂಕು ತಡೆಯುವ ವ್ಯಾಂಕೊಮೈಸಿನ್ ಎಂಬ ಔಷಧದ ಪುಡಿಯನ್ನು ಒಳಗೇ, ಮಾಂಸದ ಪದರದಲ್ಲಿ ಸ್ಕ್ರೂಗಳ ಸುತ್ತ ಹಾಕುತ್ತಾರೆ. "ಇಂಜೆಕ್ಷನ್ ರಕ್ತದ ಜೋಡಿ ಹೋಗ್ತದ. ಕೊಯ್ದ ಜಾಗಕ್ಕ ರಕ್ತ ಕಮ್ಮಿ. ಅದಕ್ಕ ಅಲ್ಲಿ ಕೈಯಾರೆ ಹಾಕೂದು."

"ಮೊದಲನೇ ಸಲ ಹಾಕಿದ್ದರೆ?" ಎಂದು ಲಲಿತಾ ಕೇಳಿದಳು.

ಡಾಕ್ಟರು ಅವಳ ಕಡೆ ತಿರುಗಿದರು. "ಆವಾಗ ಇಂಜೆಕ್ಷನ್ ಅಷ್ಟ ಕೊಟ್ಟಿದ್ವಿ. ಪುಡಿ ಕೆಲವರು ಹಾಕ್ತಾರ, ಕೆಲವರು ಇಲ್ಲ, ಇನ್ನೂ ವಾದ ನಡದದ. ಹಾಕಿದ್ರ ಆಗ್ತಿರಲಿಲ್ಲ ಅಂತ ನಾ ಹೇಳಾಂಗಿಲ್ಲ ತಾಯಿ. ಹಾಕಿದ್ರೂ ಆಗಬಹುದಿತ್ತು. ಈ ಮನಿಷಾಗ ಸಕ್ಕರಿ ಅದ ಅಂತ ಗೊತ್ತಿದ್ದು ಹಾಕಬೇಕಿತ್ತೇನೋ ಅಂತ ನನಗೂ ಅನಸ್ತದ."

ಅವರ ಮೇಲೆ ಸಿಟ್ಟು ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಪೇಡೆ ತಿಂದ ಬಾಯಿ ನನ್ನದೇ ಆದ್ದರಿಂದ ಸಿಟ್ಟು ಬರಲಿಲ್ಲ.

ಸ್ಕ್ರೂಗಳು ಗಟ್ಟಿಯಾಗಿದ್ದವು. ತೊಳೆದು, ಪುಡಿ ಹಾಕಿ, ಕೆಟ್ಟ ನೀರು ಹೊರಹೋಗಲು ನಳಿಕೆಯೊಂದನ್ನು ಇಟ್ಟು ಹೊಲಿದರು. ಸೋಂಕು ಪೂರ್ತಿ ಹೋಗುವವರೆಗೆ ಆಸ್ಪತ್ರೆಯಲ್ಲೇ ಇದ್ದು ಇಂಜೆಕ್ಷನ್ ತೆಗೆದುಕೊಳ್ಳಬೇಕೆಂದರು. ಹೊರಗೆ ಮಳೆ, ಒಳಗೆ ನಾನು. ಪ್ರತಿದಿನ ಶೈಲಾ ಡ್ರೆಸ್ಸಿಂಗ್ ಟ್ರೇ ಹಿಡಿದು ಬರುತ್ತಿದ್ದಳು. ಪ್ರತಿದಿನ ನಾನು ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದೆ. "ಬಿಡಿ ಸರ್" ಎಂದು ಅವಳು ಬೆರಳು ಬಿಡಿಸಬೇಕಾಗುತ್ತಿತ್ತು.

ಎದುರು ಕೋಣೆಗೆ ಅಘನಾಶಿನಿಯ ಮಾದೇವಿ ಎಂಬ ಹೆಂಗಸು ಬಂದದ್ದು ನನ್ನ ಗಾಯ ತೊಳೆದ ದಿನವೇ. ಇಳಿತದ ಹೊತ್ತಿಗೆ ನದಿಗಿಳಿದು ಬಗ್ಗಿ ಬಗ್ಗಿ ಚಿಪ್ಪಿ ಆರಿಸಿಯೇ ಬದುಕಿದವಳು. ಅವಳ ಬೆನ್ನುಮೂಳೆಯ ನಾಳ ಕಿರಿದಾಗಿ ಕಾಲುಗಳು ಮರಗಟ್ಟಿದ್ದವು. ಒಂದು ಸಲ ನೀರಿನಲ್ಲೇ ಕುಸಿದಿದ್ದಳಂತೆ. ಅವಳಿಗೂ ಸ್ಕ್ರೂ ಹಾಕುವ ಆಪರೇಶನ್ನೇ ಆಗಬೇಕಿತ್ತು. ಆದರೆ ನನ್ನ ಡ್ರೆಸ್ಸಿಂಗ್ ಬಿಚ್ಚಿದಾಗ ನಾತ ಕೋಣೆಗಳ ನಡುವಿನ ಓಣಿ ದಾಟಿ ಹೋಗಿತ್ತು. "ಆ ಮಾಸ್ತರಿಗೆ ಆದಂಗೆ ನಂಗೆ ಬ್ಯಾಡ, ಮನೆಗೆ ಹೋಪ" ಎಂದು ಮಗಳ ಹತ್ತಿರ ಹಟ ಹಿಡಿದು ಕೂತಿದ್ದಳು. ಡಾಕ್ಟರು ಅವಳ ಆಪರೇಶನನ್ನು ಮುಂದಿನ ವಾರಕ್ಕೆ ಹಾಕಿದರು. ಇದನ್ನೆಲ್ಲ ನಾನು ಮಂಚದ ಮೇಲೆ ಬೋರಲು ಬಿದ್ದು ಕೇಳಿಸಿಕೊಂಡೆ. ನನ್ನ ನಾತಕ್ಕೆ ಒಬ್ಬಳ ಕಾಲು ಹೋಗುತ್ತದೆ ಎನ್ನುವುದು ನುಂಗಲಾರದ ತುತ್ತಾಯಿತು.

ಶೈಲಾ ಹಿಂಜರಿಯುತ್ತ ಕೇಳಿದಳು, "ಸರ್, ನೀವೊಂದು ಮಾತು ಹೇಳಿದ್ರೆ ಅವ್ರು ಕೇಳ್ತ್ರೇನೋ."

"ನಾನೇನು ಪ್ರದರ್ಶನದ ಸಾಮಾನಾ?" ಎಂದು ರೇಗಿದೆ. ಅವಳು ಟ್ರೇ ಎತ್ತಿಕೊಂಡು ಹೋದಳು.

ಆದರೆ ಎರಡು ದಿನ ಬಿಟ್ಟು ಮಾದೇವಿ ತಾನೇ ಬಂದಳು. ಗೋಡೆ ಹಿಡಿದು, ಮಗಳ ಹೆಗಲು ಹಿಡಿದು, ನನ್ನ ಬಾಗಿಲವರೆಗೆ. ಗಿಡ್ಡ ಆಳು, ಬಿಸಿಲಿಗೆ ಕಪ್ಪಾದ ಮುಖ.

"ಮಾಸ್ತರೆ, ಖರೇ ಹೇಳಿ. ಆಪ್ರೇಶನ್ ಮಾಡ್ಸಿದ್ಕೇ ಹಿಂಗಾತಾ?"

ಹೌದು ಎಂದುಬಿಟ್ಟರೆ ಅವಳು ಹೋಗುತ್ತಿದ್ದಳು, ನಾನು ಮತ್ತೆ ಗೋಡೆ ನೋಡಬಹುದಿತ್ತು. ಲಲಿತಾಳ ಕಡೆ ನೋಡಿದೆ. ಅವಳು ಕಣ್ಣು ತಪ್ಪಿಸಲಿಲ್ಲ, ಸಹಾಯವನ್ನೂ ಮಾಡಲಿಲ್ಲ.

"ಆಪರೇಶನ್ ಆಗಿ ಕಾಲು ಸರಿಯಾಗಿತ್ತು" ಎಂದೆ. "ಆಮೇಲೆ ಸಕ್ಕರೆ ಏರಿತು. ಅಂಗಿ ಒದ್ದೆಯಾಯ್ತು, ಹೇಳಲಿಲ್ಲ. ನಾತ ಬಂತು, ಒಣಮೀನಿಂದು ಅಂದೆ."

"ಒಣಮೀನಿಂದಾ?" ಅವಳ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಾದೇವಿ ನಗಲಿಲ್ಲ. "ಎಂತಕೆ ಹಂಗಂದ್ರಿ?"

"ನಾಚಿಕೆಯಾಯ್ತು."

"ಹುಂ" ಎಂದಳು. ಬಾಗಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟು, "ನಂಗೊಂದ್ಸಲ ತೋರ್ಸಿ" ಎಂದಳು.

ಲಲಿತಾ ಬಟ್ಟೆ ಸರಿಸಿದಳು, ಡ್ರೆಸ್ಸಿಂಗಿಗೆ ಬಂದ ಶೈಲಾ ಪಟ್ಟಿ ಎತ್ತಿ, ತೊಳೆದು ಒಳಗೆ ಪುಡಿ ಹಾಕಿ ಹೊಲಿದದ್ದನ್ನು ಹೇಳಿದಳು. ದೂರದಿಂದಲೇ ನೋಡಬೇಕೆಂಬ ಶೈಲಾಳ ತಾಕೀತಿಗೆ ಮಾದೇವಿ ಅಲ್ಲಾಡದೆ ನಿಂತಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮಳೆಯ ಸದ್ದು, ಅವಳ ಉಸಿರು. ನನ್ನ ಬರಿಮೈಯನ್ನು ನಾಲ್ವರು ಹೆಂಗಸರು ನೋಡುತ್ತಿದ್ದಾರೆ ಎನ್ನುವ ಅರಿವಿನಲ್ಲಿ ಬೆವೆತುಹೋದೆ.

"ನಾ ಎಣಿಸಿದಷ್ಟು ದೊಡ್ಡದಲ್ಲ" ಎಂದಳು ಕೊನೆಗೆ.

ಮರುವಾರ ಡಾಕ್ಟರು ಬಂದಾಗ ಅವಳ ದನಿ ಓಣಿಗೆಲ್ಲ ಕೇಳಿಸಿತು. "ಆ ಮಾಸ್ತರಿಗೆ ಆಮೇಲೆ ಹಾಕಿದ್ರಲ್ಲ ಪುಡಿ, ಅದ್ನ ನಂಗೆ ಮೊದ್ಲೇ ಹಾಕಿ. ಕೊಳ್ತ ಮೇಲೆ ಉಪ್ಪು ಹಾಕಿರೆ ಮೀನು ಒಣಗ್ತದಾ?"

ಡಾಕ್ಟರು ನಕ್ಕರು. "ಹಾಕೋಣಂತ. ಆದ್ರ ಗ್ಯಾರಂಟಿ ಕೇಳಬ್ಯಾಡ ಮತ್ತ. ಅಂಗಿ ಒದ್ದಿ ಆತಂದ್ರ ಮುಚ್ಚಿಡದ ಹೇಳಬೇಕು."

"ಅದ್ನ ಮಾಸ್ತರು ಹೇಳಿದ್ರು" ಎಂದಳು.

ಅವಳ ಬೆನ್ನನ್ನು ಹೊಲಿಯುವ ಮೊದಲು ಪುಡಿ ಹಾಕಿದರು. ಸೋಂಕಾದವನ ಎದುರಿನ ಕೋಣೆ ಬೇಡವೆಂದು ಅವಳನ್ನು ಓಣಿಯ ಆ ತುದಿಗೆ ಒಯ್ದರು. ಅದು ಸರಿಯಾದ ಕ್ರಮವೇ. ಆದರೂ ಮಂಚ ಉರುಳಿಕೊಂಡು ಹೋಗುವ ಸದ್ದು ಕೇಳುತ್ತ ನಾನು ಕುಗ್ಗಿದೆ. ಆ ತುದಿಯ ಸುದ್ದಿಯನ್ನು ಲಲಿತಾ ತರುತ್ತಿದ್ದಳು. ಮಾದೇವಿ ಕೂತಳಂತೆ. ನಿಂತಳಂತೆ. ನಡೆದಳಂತೆ.

ನಿಷೇಧದ ದಿನಗಳು ಮುಗಿದು ಬೋಟು ಕಡಲಿಗಿಳಿಯುವ ಹಿಂದಿನ ದಿನ ಗಣಪು ಬಂದ. ಎಂದಿನಂತೆ ಬಾಗಿಲಲ್ಲೇ ನಿಂತ.

"ಒಳಗೆ ಬಾರೋ" ಎಂದೆ.

"ಬ್ಯಾಡ ಅಣ್ಣಾ, ಕಾಲೆಲ್ಲ ಕೆಸರು."

"ಗಣಪೂ, ನೀ ಪುಡಿ ಹಾಕದೆ ಇದ್ರೂ ಅದು ಒಳಗೆ ಇತ್ತು."

"ಇತ್ತು. ಆದ್ರೆ ನಾ ಒಣಗ್ತು ಅಂದೆ. ಇಲ್ದಿದ್ರೆ ಅತ್ತಿಗೆ ಅವತ್ತೇ ಕರ್ಕಂಡು ಬರ್ತಿದ್ರು" ಎಂದ. ಒಳಗೆ ಬಂದು ನನ್ನ ಎಡಪಾದವನ್ನು ಹಿಡಿದು ಒಮ್ಮೆ ಒತ್ತಿ, ತಿರುಗಿ ನೋಡದೆ ಹೋದ. ಆ ಹಿಡಿತ ನನಗೆ ಅರ್ಧ ಮಾತ್ರ ತಿಳಿಯಿತು. ಪಾದದ ಹೊರ ಅಂಚಿನಲ್ಲಿ ಸ್ಪರ್ಶ ಇವತ್ತಿಗೂ ಪೂರ್ತಿ ಬಂದಿಲ್ಲ.

ಮಾದೇವಿ ಮನೆಗೆ ಹೊರಟ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕೋಲು ಹಿಡಿದು, ಯಾರ ಹೆಗಲೂ ಇಲ್ಲದೆ ಓಣಿಯುದ್ದ ನಡೆದು ಬಂದಳು. ಬಾಗಿಲ ಹೊರಗೆ ನಿಂತು ನನ್ನ ಕಡೆ ಬೆನ್ನು ತಿರುಗಿಸಿದಳು. ಮಗಳು ಸೆರಗು ಸರಿಸಿದಳು.

"ನಂಗೆ ಕಾಣೂದಿಲ್ಲ ಮಾಸ್ತರೆ. ಇವ್ರೆಲ್ಲ ಚಲೋ ಆಗದೆ ಅಂತ್ರು, ಸಮಾಧಾನಕ್ಕೆ ಹೇಳ್ತ್ರೋ ಎಂತದೋ. ನೀವು ನೋಡಿ ಹೇಳಿ."

ಪರ ಹೆಂಗಸಿನ ಬೆನ್ನು. ಮೊದಲು ಕಿಟಕಿಯ ಕಡೆ ನೋಡಿದೆ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಸೊಂಟದ ಮೇಲೆ ನೆಟ್ಟಗೆ, ತೆಳ್ಳಗೆ, ಒಣಗಿದ ಒಂದು ಗೆರೆ. ಕೆಂಪಿಲ್ಲ, ಊತವಿಲ್ಲ, ಒದ್ದೆಯಿಲ್ಲ. ನನಗೆ ಆ ಕ್ಷಣದಲ್ಲಿ ಸಂತೋಷವಾಯಿತೆಂದು ಬರೆಯಬಹುದಿತ್ತು. ಆಗಲಿಲ್ಲ. ಹೊಟ್ಟೆಯೊಳಗೆ ಕಿಚ್ಚು ಎದ್ದಿತು. ಅದೇ ಕೈ, ಅದೇ ಚಾಕು, ಅದೇ ಆಸ್ಪತ್ರೆ. ಅವಳದ್ದು ಹೀಗೆ, ನನ್ನದು ಹಾಗೆ. ನನ್ನನ್ನು ನೋಡಿಯೇ ಅಲ್ಲವೇ ಅವಳು ಕೇಳಿ ಹಾಕಿಸಿಕೊಂಡದ್ದು ಎಂಬ ಲೆಕ್ಕ ಬೇರೆ. ಆ ಮಳೆಗಾಲದಲ್ಲಿ ನಾನು ಎಷ್ಟೋ ಸಲ ನಾಚಿದ್ದೆ. ಅವೆಲ್ಲ ಮೈಯ ನಾಚಿಕೆ. ಬಿಸಿಲಲ್ಲಿ ನಿಂತು ನನ್ನ ಮಾತಿಗೆ ಕಾಯುತ್ತಿದ್ದ ಆ ಬೆನ್ನಿನೆದುರು ಆದದ್ದು ಬೇರೆ.

"ಎಂತ ಮಾಸ್ತರೆ, ಮಾತೇ ಇಲ್ಲ? ಸರಿ ಇಲ್ವಾ?" ತಿರುಗದೆಯೇ ಕೇಳಿದಳು.

"ಒಣಗಿದೆ" ಎಂದೆ. ಸಾಲದು ಅನ್ನಿಸಿ, ಮೈದಾನದ ತುದಿಗೆ ಕೇಳುವ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. "ಚಲೋ ಒಣಗಿದೆ ಮಾದೇವಿ. ಸ್ವಚ್ಛ ಇದೆ. ಹೆದರಬೇಡ, ಹೋಗು."

ಅವಳು ಸೆರಗು ಹೊದ್ದು ತಿರುಗಿ, ಮೊದಲ ಸಲ ನಕ್ಕಳು. "ಆತು ಹಂಗಾರೆ. ನಿಮ್ದೂ ಒಣಗ್ತದೆ" ಎಂದು ಹೊರಟಳು. ಅವಳ ಕೋಲಿನ ಸದ್ದು ಮೆಟ್ಟಿಲವರೆಗೆ ಕೇಳಿಸಿತು.

ಶೈಲಾ ಟ್ರೇ ಹಿಡಿದು ಬಂದಳು. ನಾನು ಅವಳು ಹೇಳುವ ಮೊದಲೇ ಬೋರಲಾಗಿ, ಅಂಗಿಯನ್ನು ಹೆಗಲವರೆಗೆ ಎಳೆದುಕೊಂಡೆ.

"ಇವತ್ತು ಸ್ವಲ್ಪ ಉರಿತದೆ ಸರ್" ಎಂದಳು.

"ಉರಿಯಲಿ ಶೈಲಾ" ಎಂದೆ.